ಬಳ್ಳಾರಿ–ತೋರಣಗಲ್ಲು ರೈಲು: ಕಟ್ಟುವ ಹಣ, ಓಡಿಸುವ ಹಣ

ಮಾನ್ಯರೇ,

ಬಳ್ಳಾರಿಯ ಕೌಲ್‌ಬಜಾರಿನಿಂದ ನೀವು ಬರೆದ ಪತ್ರ ತಲುಪಿದೆ. ಬಳ್ಳಾರಿಯಿಂದ ಕುಡತಿನಿಯ ಮೇಲೆ ಹಾದು ತೋರಣಗಲ್ಲಿನವರೆಗೆ ಮೆಟ್ರೊ ಮಾರ್ಗವೊಂದು ಬೇಕು, ನಮ್ಮ ನೆಲದ ಅದಿರಿನಿಂದ ಕೂಡಿದ ಗಣಿ ನಿಧಿಯಲ್ಲೇ ಅದನ್ನು ಕಟ್ಟಬಹುದು, ಬೆಂಗಳೂರಿಗೆ ದಕ್ಕಿದ್ದು ನಮಗೇಕೆ ದಕ್ಕಬಾರದು ಎಂದು ಕೇಳಿದ್ದೀರಿ. ಮನವಿಯನ್ನು ಯಾರಿಗೆ ಕೊಡಬೇಕೆಂದೂ ವಿಚಾರಿಸಿದ್ದೀರಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಅದಿರು ಲಾರಿಗಳ ಸಾಲಿನ ನಡುವೆ ಬೈಕಿನಲ್ಲಿ ಊರು ಸೇರುವ ಕಾರ್ಮಿಕರನ್ನು ಕಂಡ ಯಾರೂ ನಿಮ್ಮ ಬೇಡಿಕೆಯನ್ನು ತಳ್ಳಿಹಾಕಲಾರರು. ಆದರೆ ಈ ದಾರಿಗೆ ಬೇಕಾಗಿರುವುದು ಮೆಟ್ರೊ ಅಲ್ಲ, ಈಗಿರುವ ಹಳಿಯ ಮೇಲೆ ಪಾಳಿಯ ವೇಳೆಗೆ ಸರಿಯಾಗಿ ಓಡುವ ಸ್ಥಳೀಯ ರೈಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ವೆಚ್ಚ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ‘ನಮ್ಮ ಮೆಟ್ರೊ’ ಮೂರನೇ ಹಂತದ ಉದ್ದ 44.65 ಕಿ.ಮೀ., ಅಂದಾಜು 15,611 ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ ಸುಮಾರು 350 ಕೋಟಿ. ಅದೇ ದರ ಹಿಡಿದರೆ ಬಳ್ಳಾರಿಯಿಂದ ತೋರಣಗಲ್ಲಿನವರೆಗಿನ ಮೂವತ್ತು ಕಿಲೋಮೀಟರ್ ಆಸುಪಾಸಿನ ದಾರಿಗೆ ಹತ್ತು ಸಾವಿರ ಕೋಟಿ ದಾಟುತ್ತದೆ. ಬಯಲಿನಲ್ಲಿ ನೆಲದ ಮೇಲೆಯೇ ಹಳಿ ಹಾಕಿದರೆ ಇದು ಗಣನೀಯವಾಗಿ ಇಳಿಯುತ್ತದೆ, ನಿಜ. ಆದರೂ ಸಾವಿರಾರು ಕೋಟಿಯ ಮಾತೇ. ಬೆಂಗಳೂರಿಗೂ ಇಂಥ ಹಣ ಸರ್ಕಾರದ ಬೊಕ್ಕಸದಿಂದ ಇಡಿಯಾಗಿ ಬಂದಿಲ್ಲ. 2020ರಲ್ಲಿ ಮಂಜೂರಾದ ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ಕೇಂದ್ರದ ಪಾಲು ನೂರಕ್ಕೆ 20, ರಾಜ್ಯದ ಪಾಲು 20, ಉಳಿದ 60 ಭಾಗ ಸಾಲ. ಆ ಸಾಲದ ಅಸಲು ಬಡ್ಡಿ ಟಿಕೆಟಿನಿಂದ ಹುಟ್ಟದಿದ್ದರೆ ತೆರಿಗೆಯ ಹಣದಿಂದಲೇ ತೀರಬೇಕು.

ಕೇಂದ್ರದ 2017ರ ಮೆಟ್ರೊ ರೈಲು ನೀತಿ ಕೇಳುವ ಮೊದಲ ಪ್ರಶ್ನೆಯೂ ಇದೇ ಜಾಡಿನದು. ನಗರದ ಸಮಗ್ರ ಸಂಚಾರ ಯೋಜನೆ ಇರಬೇಕು, ಬಸ್ಸು ಹಾಗೂ ಹಗುರ ರೈಲಿನಂತಹ (ಮೆಟ್ರೊಗಿಂತ ಚಿಕ್ಕ ನಗರ ರೈಲು) ಪರ್ಯಾಯಗಳನ್ನು ತೂಗಿ ನೋಡಿರಬೇಕು, ಉಳಿಯುವ ಸಮಯ, ಇಂಧನ, ತಪ್ಪುವ ಅಪಘಾತ ಎಲ್ಲವನ್ನೂ ಹಣದ ಲೆಕ್ಕಕ್ಕೆ ತಂದಾಗ ಸಮಾಜಕ್ಕೆ ಸಿಗುವ ಪ್ರತಿಫಲದ ದರ ಕನಿಷ್ಠ ಶೇಕಡಾ 14 ಆಗಬೇಕು. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ ನಾಲ್ಕು ಲಕ್ಷಕ್ಕೆ ತುಸು ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು ಜನ ಓಡಾಡುವ ರೀತಿ. ಬೆಂಗಳೂರಿನ ಮಾರ್ಗಗಳಲ್ಲಿ ದಿನವಿಡೀ ಜನ ಹತ್ತಿ ಇಳಿಯುತ್ತಾರೆ. ತೋರಣಗಲ್ಲಿನ ದಾರಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ನೂಕುನುಗ್ಗಲು, ನಡುವಿನ ಗಂಟೆಗಳಲ್ಲಿ ಬಿಕೋ ಎನ್ನುವ ಸ್ಥಿತಿ. ಐದೈದು ನಿಮಿಷಕ್ಕೆ ಓಡಬೇಕಾದ ರೈಲನ್ನು ಇಂಥ ದಾರಿಯಲ್ಲಿ ತುಂಬಿಸುವುದು ಆಗದ ಕೆಲಸ.

ಇನ್ನು ನಿಮ್ಮ ಪತ್ರದ ತಿರುಳಾದ ಗಣಿ ನಿಧಿ. ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ 2015ರ ಕಾನೂನು ತಿದ್ದುಪಡಿಯಿಂದ, ಗಣಿ ಮಾಲೀಕರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ ಹಣ ಸೇರುತ್ತಿದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂತಹ ಆದ್ಯತೆಗಳಿಗೆ ಅದರಲ್ಲಿ ಶೇಕಡಾ 70 ಮೀಸಲು. ರಸ್ತೆ, ಸೇತುವೆ, ರೈಲು ಉಳಿದ ಭಾಗದಲ್ಲಿ ಬರುತ್ತವೆ. ಧೂಳು ಕುಡಿದ ಹಳ್ಳಿಗಳ ನೀರಿನ ಹಣಕ್ಕೆ ರೈಲಿನ ಹೆಸರಿನಲ್ಲಿ ಕೈಹಾಕುವುದನ್ನು ನಾವಂತೂ ಒಪ್ಪುವುದಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿದ, ಸುಮಾರು 25 ಸಾವಿರ ಕೋಟಿ ರೂಪಾಯಿ ಯೋಜನೆಯ ಗಣಿ ಪುನಶ್ಚೇತನ ನಿಧಿ ಬೇರೆ ಇದೆ. ಅದರಲ್ಲಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ನಾಲ್ಕೂ ಜಿಲ್ಲೆಗಳಿಗೆ ಹಕ್ಕಿದೆ. ಈ ಎರಡರಿಂದ ಏನನ್ನಾದರೂ ಕಟ್ಟಬಹುದೆಂದೇ ಇಟ್ಟುಕೊಳ್ಳೋಣ. ಕಟ್ಟಿದ ಮೇಲೆ ಚಾಲಕರ ಸಂಬಳ, ವಿದ್ಯುತ್ತು, ಗಾಲಿ ಹಳಿಗಳ ದುರಸ್ತಿ ಪ್ರತಿ ತಿಂಗಳೂ ಬರುವ ಖರ್ಚು. ಅದಿರು ಒಂದು ದಿನ ತೀರುತ್ತದೆ, ಈ ಖರ್ಚು ತೀರುವುದಿಲ್ಲ.

ಆದ್ದರಿಂದಲೇ ನಾವು ಈಗಿರುವ ಹಳಿಯ ಕಡೆ ಬೊಟ್ಟು ಮಾಡುತ್ತಿದ್ದೇವೆ. ಗುಂತಕಲ್ಲಿನಿಂದ ಬಳ್ಳಾರಿ, ಕುಡತಿನಿ, ತೋರಣಗಲ್ಲಿನ ಮೇಲೆ ಹೊಸಪೇಟೆಗೆ ಹೋಗುವ ಮಾರ್ಗ ಜೋಡಿಹಳಿಯದಾಗಿದೆ, ವಿದ್ಯುದೀಕರಣವೂ ಆಗಿದೆ. ಮೆಮು ರೈಲು, ಅಂದರೆ ವಿದ್ಯುತ್ತಿನಿಂದ ಓಡುವ ಸ್ಥಳೀಯ ಪ್ರಯಾಣಿಕರ ಗಾಡಿ, ಓಡಿಸಲು ಹೊಸದಾಗಿ ಭೂಮಿ ಬೇಕಿಲ್ಲ. ತೊಡಕಿರುವುದು ಅದಿರು, ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳ ದಟ್ಟಣೆಯಲ್ಲಿ. ಪಾಳಿಯ ವೇಳೆಗೆ ಪ್ರಯಾಣಿಕರ ಗಾಡಿಗೆ ದಾರಿ ಬಿಡಬೇಕಾದರೆ ನಿಲ್ದಾಣಗಳಲ್ಲಿ ಗೂಡ್ಸ್ ನಿಲ್ಲಿಸಿಕೊಳ್ಳಲು ಹೆಚ್ಚುವರಿ ಲೂಪ್ ಹಳಿಗಳು, ಸರಿಯಾದ ಪ್ಲಾಟ್‌ಫಾರ್ಮ್, ಇಳಿದವರನ್ನು ಕಾರ್ಖಾನೆಯ ಗೇಟಿನವರೆಗೆ ಮುಟ್ಟಿಸುವ ಬಸ್ಸು ಬೇಕು. ಇದರಲ್ಲಿ ಹಳಿ, ಪ್ಲಾಟ್‌ಫಾರ್ಮುಗಳ ಕೆಲಸ ಒಮ್ಮೆ ಕೊಟ್ಟು ಮುಗಿಯುವಂಥದು. ಗಣಿ ನಿಧಿಗೆ ಹೇಳಿಮಾಡಿಸಿದಂತಿದೆ. ರೈಲು ಓಡಿಸುವುದರಲ್ಲಿ ಬೀಳುವ ವರ್ಷದ ಕೊರತೆಯನ್ನು ರಾಜ್ಯ ಎಷ್ಟು ಭರಿಸುತ್ತದೆಂಬುದನ್ನು ರೈಲ್ವೆಯೊಂದಿಗೆ ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಹೊಸ ಮಾರ್ಗವೆಂದರೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ನೆರೆಯ ಗಿಣಿಗೇರಾ–ರಾಯಚೂರು ಮಾರ್ಗವನ್ನೇ ನೋಡಿ: 1997-98ರಲ್ಲಿ ಮಂಜೂರಾದ ಯೋಜನೆಯ ರೈಲು ಗಂಗಾವತಿ ಮುಟ್ಟಿದ್ದು 2019ರಲ್ಲಿ, ಸಿಂಧನೂರು ಮುಟ್ಟಿದ್ದು 2024ರಲ್ಲಿ.

ಮುಂದೊಂದು ದಿನ ನಗರದೊಳಗೇ ಹಗುರ ರೈಲು ಬೇಕಾಗಬಹುದು. ಅದಕ್ಕೆ ಇಂದು ಬೇಕಾದದ್ದು ಜಾಗ. ನಗರಾಭಿವೃದ್ಧಿ ಪ್ರಾಧಿಕಾರ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟಿಸಿದಾಗ ಆಕ್ಷೇಪ, ಸಲಹೆ ಸಲ್ಲಿಸಲು 60 ದಿನಗಳ ಅವಕಾಶ ಇರುತ್ತದೆ. ಹೊಸಪೇಟೆ ರಸ್ತೆಯ ಬದಿಯಲ್ಲಿ ಸಾರಿಗೆಗೆಂದು ಪಟ್ಟಿಯೊಂದನ್ನು ಕಾದಿರಿಸಿ ಎಂದು ಆಗ ಕೇಳಿ.

ಮೆಮು ರೈಲಿನ ಮನವಿ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಹೋಗಲಿ, ಪ್ರತಿಗಳು ಜಿಲ್ಲಾಧಿಕಾರಿಗೂ ಸಂಸದರಿಗೂ ಇರಲಿ. ಬರೀ ಸಹಿ ಸಂಗ್ರಹಿಸಿ ಕಳಿಸಬೇಡಿ. ಯಾವ ಓಣಿಯಿಂದ ಎಷ್ಟು ಜನ, ಯಾವ ಪಾಳಿಗೆ, ಈಗ ಹೇಗೆ ಹೋಗುತ್ತಾರೆ, ದಿನಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಎಂಬ ಪಟ್ಟಿಯನ್ನು ಲಗತ್ತಿಸಿ. ಅದರ ಪ್ರತಿಯೊಂದನ್ನು ನಮಗೂ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ