ಮೇಷ್ಟ್ರನ್ನು ಕೇಳಿ: ನೆರಳು, ಕಳವು, ಲೀಸು

ಪ್ರಶ್ನೆ: ಮೇಷ್ಟ್ರೇ, ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ತೋಟ, ಎರಡು ಕೋಣೆಯ ಹೋಂಸ್ಟೇ. ಗೇಟಿನ ಬೋರ್ಡಿನಲ್ಲಿ ‘ಸಿಲ್ವರ್ ಓಕ್ ಮರಗಳ ಶಾಡೋದಲ್ಲಿ ಬೆಳೆದ ಕಾಫಿ’ ಎಂದು ಇಂಗ್ಲಿಷಿನಲ್ಲಿ ಬರೆಸಿದ್ದೆ. ಬಂದವರೊಬ್ಬರು ಓದಿ ನಕ್ಕು, ಫೋಟೊ ಹೊಡೆದುಕೊಂಡು ಹೋದರು. ನೆರಳಿಗೆ ಶಾಡೋ ಅಲ್ಲವೆ?
– ಬೆಳೆಗಾರರು, ಆಲ್ದೂರು

ಉತ್ತರ: ನೆರಳಿಗೆ ಶಾಡೋ ಹೌದು, ನಿಮ್ಮ ಕಾಫಿಯ ನೆರಳಿಗಲ್ಲ. ಅಲ್ಲಿಗೆ ಶೇಡ್ ಬೇಕು. ಬಿಸಿಲಲ್ಲಿ ದುಡಿದು ಸಾಕಾದವನು ಮರದಡಿ ಹೋಗಿ ಟವೆಲ್ ಹಾಸಿ ಕೂರುತ್ತಾನಲ್ಲ, ಅವನು ಕೂತದ್ದು ಶೇಡಿನಲ್ಲಿ. ಅವನೇ ಸಂಜೆ ಐದಕ್ಕೆ ಕಣದಲ್ಲಿ ನಿಂತಾಗ ಕಾಲಬುಡದಿಂದ ಹೊರಟು, ಒಣಹಾಕಿದ ಚೆರಿಯ ಮೇಲೆ ಉದ್ದಕ್ಕೆ ಮಲಗುವುದು ಶಾಡೋ. ಒಂದು ಜಾಗ, ಇನ್ನೊಂದು ಆಕಾರ. ಶಾಡೋಗೆ ಯಜಮಾನ ಬೇಕು: ನನ್ನದು, ನಾಯಿಯದು, ಲೈಟುಕಂಬದ್ದು. ಅದನ್ನು ಒಂದು, ಎರಡು ಎಂದು ಎಣಿಸಲೂಬಹುದು. ಮರದಡಿಯ ಶೇಡನ್ನು ಎಣಿಸಲಾಗುವುದಿಲ್ಲ. ಜಾಸ್ತಿ, ಕಮ್ಮಿ ಎನ್ನಬೇಕಷ್ಟೆ. ಚಂದ್ರಗ್ರಹಣದ ರಾತ್ರಿ ಚಂದ್ರನ ಮೇಲೆ ಬೀಳುವುದು ಭೂಮಿಯ ಶಾಡೋ. ಅದರ ಅಂಚು ದುಂಡಗಿರುವುದನ್ನು ಅಂಗಳದಲ್ಲಿ ನಿಂತೇ ನೋಡಬಹುದು. ಆಕಾರ ಎಂದದ್ದು ಅದಕ್ಕೇ.

ತಮಾಷೆ ಎಂದರೆ, ಈ ವ್ಯತ್ಯಾಸ ನಿಮ್ಮ ತೋಟದಲ್ಲಿ ಎಲ್ಲರಿಗೂ ಗೊತ್ತು. ಮೂಡಿಗೆರೆ ಕಡೆ ನಮ್ಮ ಮಾವನವರ ತೋಟದಲ್ಲಿ ಒಬ್ಬ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಇದ್ದರು. ಓದಿದ್ದು ಏಳನೇ ಕ್ಲಾಸು. ‘ಈ ಪಟ್ಟೆಲಿ ಶೇಡ್ ಜಾಸ್ತಿ ಆಯ್ತು, ಮರಗಸಿ (ಮರದ ಕೊಂಬೆ ಸವರುವುದು) ಮಾಡಿಸ್ಬೇಕು’ ಎನ್ನುತ್ತಿದ್ದರೇ ವಿನಾ ಒಂದು ದಿನವೂ ಅವರ ಬಾಯಲ್ಲಿ ‘ಶಾಡೋ ಜಾಸ್ತಿ’ ಎಂದು ಬಂದದ್ದಿಲ್ಲ. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು, ಹೈಸ್ಕೂಲು ಮಕ್ಕಳಿಗೆ ಇದನ್ನು ಹೇಳಿಕೊಡಲು ಪಟ್ಟ ಪಾಡು ನನಗೇ ಗೊತ್ತು. ನೆರಳಿನ ಮರವಾದ ಹಾಲುವಾಣದ ಕೊಂಬೆಯ ಲೆಕ್ಕ ಬಲ್ಲವರಿಗೆ ವ್ಯಾಕರಣ ಬೇಕಿರಲಿಲ್ಲ.

ಇನ್ನು ಅತಿಥಿ ನಕ್ಕದ್ದು ಏಕೆ? ಕನ್ನಡದಲ್ಲೂ ‘ಅವನು ಅಣ್ಣನ ನೆರಳಲ್ಲೇ ಉಳಿದುಬಿಟ್ಟ’ ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಒಬ್ಬರ ಶಾಡೋದಲ್ಲಿ ಇರುವುದೆಂದರೆ ಅದೇ. ಹಾಗಾಗಿ ನಿಮ್ಮ ಬೋರ್ಡು, ಆಸ್ಟ್ರೇಲಿಯಾದಿಂದ ಬಂದ ಮರದ ಮುಂದೆ ಪಾಪ ನಮ್ಮ ಕಾಫಿ ಮಂಕಾಗಿ ನಿಂತಿದೆ ಎಂದು ದೂರುವಂತಿದೆ. ‘ಶೇಡ್ ಗ್ರೋನ್ ಕಾಫಿ’ ಎಂದು ಬರೆಸಿ, ಕಾಫಿ ವ್ಯಾಪಾರದಲ್ಲಿ ಎಲ್ಲೆಡೆ ಅದೇ ಮಾತು. ‘ಶೇಡಿ ಕಾಫಿ’ ಎಂದು ಮಾತ್ರ ಬರೆಸೀರಿ, ಜೋಕೆ. ಮರಕ್ಕೆ ಆ ಪದ ಹೊಗಳಿಕೆ, ವ್ಯಾಪಾರಕ್ಕೆ ಹಚ್ಚಿದರೆ ಗೋಲ್‌ಮಾಲ್.

ಪ್ರಶ್ನೆ: ಹಿಸ್ಟಾರಿಕ್, ಹಿಸ್ಟಾರಿಕಲ್ ಎರಡೂ ಒಂದೇ ತಾನೆ?
– ಪ್ರವಾಸಿ ಗೈಡ್, ಬೇಲೂರು

ಉತ್ತರ: ಅಲ್ಲ. ಚರಿತ್ರೆಗೆ ಸೇರಿದ್ದೆಲ್ಲ ಹಿಸ್ಟಾರಿಕಲ್. ಅದರಲ್ಲಿ ದೊಡ್ಡದೆನಿಸಿಕೊಂಡದ್ದು ಮಾತ್ರ ಹಿಸ್ಟಾರಿಕ್. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು ಹಿಸ್ಟಾರಿಕಲ್ ಸಂಗತಿ. ನೀವು ದಿನವೂ ತೋರಿಸುವ ಗುಡಿ ಹಿಸ್ಟಾರಿಕ್. 2023ರ ಸೆಪ್ಟೆಂಬರಿನಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ನಿಮ್ಮೂರು ಯುನೆಸ್ಕೊ ಪಟ್ಟಿಗೆ ಸೇರಿದ ದಿನವೂ ಹಿಸ್ಟಾರಿಕ್ಕೇ. ರಾಜನ ವೇಷ ಹಾಕಿದ ನಾಟಕ ಎಷ್ಟು ಕೆಟ್ಟದಾಗಿದ್ದರೂ ಹಿಸ್ಟಾರಿಕಲ್. ಹಿಸ್ಟಾರಿಕ್ ಆಗಬೇಕಾದರೆ ಸ್ವಲ್ಪ ಕಷ್ಟಪಡಬೇಕು.

ಪ್ರಶ್ನೆ: ‘ಕಳ್ಳರು ನನ್ನ ಸೈಕಲ್ ರಾಬ್ ಮಾಡಿದರು’ ಎಂದು ಇಂಗ್ಲಿಷ್ ಪ್ರಬಂಧದಲ್ಲಿ ಬರೆದಿದ್ದಕ್ಕೆ ಒಂದು ಅಂಕ ಕಳೆದಿದ್ದಾರೆ ಸಾರ್. ಕಳ್ಳತನ ಕಳ್ಳತನವೇ ಅಲ್ಲವೆ?
– ಪಿಯುಸಿ ವಿದ್ಯಾರ್ಥಿ, ಸಕಲೇಶಪುರ

ಉತ್ತರ: ಆ ಅಂಕ ವಾಪಸ್ ಬರುವುದಿಲ್ಲಪ್ಪ. ಹೋದ ವಸ್ತುವನ್ನು ಹೇಳಬೇಕಾದಾಗ ಸ್ಟೀಲ್, ಕಳೆದುಕೊಂಡವರನ್ನೋ ಜಾಗವನ್ನೋ ಹೇಳಬೇಕಾದಾಗ ರಾಬ್. ಸೈಕಲ್ಲನ್ನು ಸ್ಟೀಲ್ ಮಾಡುತ್ತಾರೆ. ನಿನ್ನನ್ನೋ ಬ್ಯಾಂಕನ್ನೋ ರಾಬ್ ಮಾಡುತ್ತಾರೆ. ನಮ್ಮ ‘ದೋಚು’ ಎರಡು ಕಡೆಗೂ ಸಲ್ಲುತ್ತದೆ, ‘ಬ್ಯಾಂಕ್ ದೋಚಿದರು’, ‘ಹಣ ದೋಚಿದರು’ ಎಂದು ಪತ್ರಿಕೆಯವರು ಧಾರಾಳವಾಗಿ ಬರೆಯುತ್ತಾರೆ. ನೀನು ಎಡವಿದ್ದು ಅಲ್ಲೇ ಇರಬೇಕು.

ಈ ತಪ್ಪನ್ನು ನಾನು ನಿನಗಿಂತ ದೊಡ್ಡದಾಗಿ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಪಕ್ಕದ ಮನೆಯವರ ಜಗಲಿಯಿಂದ ರಾತ್ರೋರಾತ್ರಿ ಎರಡು ಮೂಟೆ ಮೆಣಸು ಮಾಯವಾಯಿತು. ಇಂಗ್ಲಿಷ್ ಮೇಷ್ಟ್ರು ಎಂಬ ಗತ್ತಿನಲ್ಲಿ ದೂರನ್ನು ನಾನೇ ಇಂಗ್ಲಿಷಿನಲ್ಲಿ ಬರೆದು, ಮೇಲೆ ‘ರಾಬರಿ’ ಎಂದು ಗೆರೆ ಎಳೆದು ಕೊಟ್ಟೆ. ಸಬ್‌ಇನ್ಸ್‌ಪೆಕ್ಟರು ಓದಿ, ‘ಚಾಕು ಗೀಕು ತೋರ್ಸಿದ್ರಾ ಮೇಷ್ಟ್ರೇ?’ ಎಂದರು. ‘ಇಲ್ಲ ಸಾರ್, ಎಲ್ಲ ಮಲಗಿದ್ರು.’ ‘ಹಂಗಾದ್ರೆ ಇದು ಥೆಫ್ಟು. ಬೇರೆ ಬರ್ಕೊಡಿ.’ ಒಂದು ಹಾಳೆ, ಒಂದು ಪೆನ್ನು ಅವರೇ ಕೊಟ್ಟರು.

ಕಾನೂನಿನಲ್ಲಿ ಲೆಕ್ಕ ಇನ್ನೂ ಬಿಗಿ. ಸದ್ದಿಲ್ಲದೆ ಒಯ್ದರೆ ಥೆಫ್ಟ್. ಹೊಡೆದು ಬಡಿದು, ಇಲ್ಲವೆ ಹೆದರಿಸಿ ಕಿತ್ತುಕೊಂಡರೆ ರಾಬರಿ, ಕನ್ನಡದಲ್ಲಿ ಸುಲಿಗೆ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಅದನ್ನೇ ಮಾಡಿದರೆ ಡಕಾಯಿಟಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 303, 309 ಮತ್ತು 310ನೇ ಕಲಂಗಳು. ಕೊನೆಯ ಪದವನ್ನು ಇಂಗ್ಲಿಷರು ನಮ್ಮ ದೇಶದಿಂದಲೇ ಎತ್ತಿಕೊಂಡು ಹೋದದ್ದು. ಅದನ್ನು ಯಾವ ಕಲಂಗೆ ಸೇರಿಸಬೇಕೋ!

ಪ್ರಶ್ನೆ: ಮಗ ಅಮೆರಿಕದಲ್ಲಿ ಒಂದು ವರ್ಷಕ್ಕೆ ಮನೆ ಲೀಸ್‌ಗೆ ಹಿಡಿದಿದ್ದಾನೆ. ಆದರೂ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದಾನೆ. ಲೀಸು ಅಂದಮೇಲೆ ಬಾಡಿಗೆ ಏಕೆ? ಹುಡುಗ ಮೋಸ ಹೋದನೆ?
– ಗೃಹಿಣಿ, ಸಾಲಗಾಮೆ ರಸ್ತೆ, ಹಾಸನ

ಉತ್ತರ: ಇಲ್ಲಮ್ಮ, ಮಗ ಸರಿಯಾಗಿಯೇ ಇದ್ದಾನೆ. ನಮ್ಮ ಹಾಸನದ ಲೀಸೇ ಬೇರೆ. ‘ಮನೆ ಲೀಸ್‌ಗೆ ಇದೆ’ ಎಂಬ ಬೋರ್ಡು ಕಂಡರೆ ನಮಗೆ ಅರ್ಥವಾಗುವುದು ಇಷ್ಟು: ಒಂದಿಡೀ ಗಂಟು ಕೊಡು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರು, ಬಿಡುವಾಗ ಗಂಟು ವಾಪಸ್ ತಗೋ. ಇದಕ್ಕೆ ನಮ್ಮಜ್ಜಂದಿರು ಇಟ್ಟ ಹೆಸರು ಭೋಗ್ಯ. 1882ರ ಸ್ವತ್ತು ವರ್ಗಾವಣೆ ಕಾಯಿದೆ ತೆಗೆದರೆ ಈ ತರಹದ್ದು 58ನೇ ಕಲಮಿನಲ್ಲಿ, ಅಡಮಾನದ ಗುಂಪಿನಲ್ಲಿ ಕೂತಿದೆ. ಲೀಸ್ ಇರುವುದು 105ರಲ್ಲಿ.

ಇಂಗ್ಲಿಷಿನಲ್ಲಿ ಲೀಸ್ ಎಂದರೆ ಕರಾರು. ಆ ಕರಾರಿನಂತೆ ಕಟ್ಟುವ ಹಣ ರೆಂಟ್. ಹಾಗಾಗಿ ಎರಡೂ ಒಟ್ಟಿಗೆ ಇರಲೇಬೇಕು, ಹಾಲು ಮತ್ತು ಹಾಲಿನ ದುಡ್ಡು ಇದ್ದ ಹಾಗೆ. ಮಾಲೀಕರ ಕಡೆಯಿಂದ ಹೇಳುವಾಗ ಲೆಟ್ ಎಂದೂ ಹೇಳುತ್ತಾರೆ. ಇಂಗ್ಲೆಂಡಿನವರು ಮದುವೆಗೆ ಕಾರು, ಛತ್ರ, ಕುರ್ಚಿ ತರುವಾಗ ರೆಂಟ್ ಎನ್ನುವುದಕ್ಕಿಂತ ಹೈರ್ ಎನ್ನುವುದೇ ಹೆಚ್ಚು.

ನೀವು ನಿಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟು ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸಿದ್ದರೆ ಅದೂ ಲೀಸೇ. ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯವಾಗುತ್ತದೆಂದು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಮಗನದು ಒಂದು ವರ್ಷದ ಕರಾರು, ಆದ್ದರಿಂದ ಅವಧಿಗೆ ಮುಂಚೆ ಬಿಟ್ಟರೆ ಏನು ಕಟ್ಟಬೇಕು ಎಂದು ಅದರಲ್ಲಿ ಬರೆದಿದೆಯೇ, ಭಾನುವಾರ ಫೋನ್ ಮಾಡಿದಾಗ ಕೇಳಿ.