ನೈರೋಬಿಯಿಂದ ದಾರ್ ಎಸ್ ಸಲಾಮ್‌ಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು?

ಕೆಲಸದ ಮೇಲೆ ಕೀನ್ಯಾದ ನೈರೋಬಿಗೆ ಬಂದಿದ್ದೀರಿ, ಮುಂದಿನ ತಿಂಗಳು ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಮೀಟಿಂಗ್ ಇದೆ, ಒಂದೇ ದಿನದಲ್ಲಿ ಹೋಗಿಬರಬಹುದಾ ಅಂತ ಕೇಳಿದ್ದೀರಿ. ನಾನೂ ನೈರೋಬಿಯಲ್ಲೇ ಇರೋದು, ಈ ದಾರಿ ಚೆನ್ನಾಗಿ ಗೊತ್ತು.

ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 665 ಕಿ.ಮೀ. ಜೆಟ್ ವಿಮಾನವಾದರೆ ಒಂದೂಕಾಲರಿಂದ ಒಂದೂವರೆ ಗಂಟೆ, ಪ್ರೊಪೆಲರ್ ವಿಮಾನವಾದರೆ ಇನ್ನೂ ಸ್ವಲ್ಪ ಹೆಚ್ಚು. ಎರಡೂ ಊರಿನ ಗಡಿಯಾರ ಒಂದೇ, ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಬುಕ್ ಮಾಡುವಾಗ ನೇರ ವಿಮಾನವೇ ಅಂತ ಖಾತ್ರಿ ಮಾಡಿಕೊಳ್ಳಿ. ಕೆಲವು ಟಿಕೆಟ್‌ಗಳು ಇಥಿಯೋಪಿಯಾದ ಅಡಿಸ್ ಅಬಾಬಾ ಮೇಲೆ ಹೋಗುತ್ತವೆ. ದಾರ್ ಇರೋದು ದಕ್ಷಿಣಕ್ಕೆ, ನೀವು ಸಾವಿರ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ಅಷ್ಟನ್ನೂ ವಾಪಸ್ ಬರಬೇಕಾಗುತ್ತದೆ, ಅರ್ಧ ದಿನ ಅಲ್ಲೇ ಹೋಯಿತು.

ಆದರೆ ವಿಮಾನದ ಸಮಯಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆಯ ಕಾರ್ಡ್. ಭಾರತದಲ್ಲಿ ಆ ರೋಗ ಇಲ್ಲ, ಹಾಗಾಗಿ ಅಲ್ಲಿಂದ ನೇರವಾಗಿ ಕೀನ್ಯಾಕ್ಕೆ ಬಂದಾಗ ನಿಮ್ಮನ್ನು ಯಾರೂ ಕೇಳಿರಲಿಕ್ಕಿಲ್ಲ. ಕೀನ್ಯಾದಿಂದ ಟಾಂಜಾನಿಯಾಕ್ಕೆ ಹೋಗುವವರಿಗೆ ಅದು ಬೇಕೇ ಬೇಕು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಕಾರ್ಡ್ ಚಾಲ್ತಿಗೆ ಬರುವುದು, ಆದ್ದರಿಂದ ಈ ವಾರವೇ ಹಾಕಿಸಿಕೊಳ್ಳಿ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು, 2016ರಿಂದ ಇರುವ ನಿಯಮ ಅದು. ಕೀನ್ಯಾದಿಂದ ಊರಿಗೆ ಮರಳುವಾಗ ಭಾರತದಲ್ಲೂ ಇದೇ ಕಾರ್ಡ್ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಟಾಂಜಾನಿಯಾದ ವೀಸಾವನ್ನೂ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಟ್ಟುಕೊಳ್ಳಿ. ಹಾಂ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ತೆಗೆದಿಡಿ, 2019ರಿಂದ ಅಲ್ಲಿ ನಿಷೇಧ.

ಪ್ರಯಾಣ ಚಿಕ್ಕದಾದರೂ ಅಂತರರಾಷ್ಟ್ರೀಯ ವಿಮಾನ. ಎರಡೂವರೆ ಗಂಟೆ ಮೊದಲೇ ಜೋಮೊ ಕೆನ್ಯಾಟಾ ನಿಲ್ದಾಣದಲ್ಲಿರಿ. ವೆಸ್ಟ್‌ಲ್ಯಾಂಡ್ಸ್ ಕಡೆಯಿಂದ ಬರುವುದಾದರೆ ಟೋಲ್ ಕೊಟ್ಟು ಎಕ್ಸ್‌ಪ್ರೆಸ್‌ವೇ ಹಿಡಿಯಿರಿ, ಕೆಳಗಿನ ಮೊಂಬಾಸಾ ರಸ್ತೆಯ ಜಾಮ್ ನಂಬುವ ಹಾಗಿಲ್ಲ. ದಾರ್‌ನಲ್ಲಿ ಇಳಿದ ಮೇಲೂ ಇಮಿಗ್ರೇಷನ್ ಸಾಲು, ಆಮೇಲೆ ಊರೊಳಗಿನ ಟ್ರಾಫಿಕ್. ಮನೆಬಾಗಿಲಿಂದ ಮೀಟಿಂಗ್ ಕೋಣೆಗೆ ಆರು ಗಂಟೆ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಹೋಗಿಬರುವುದು ಆಗದ್ದೇನಲ್ಲ, ಆದರೆ ನಾನಾದರೆ ಒಂದು ರಾತ್ರಿ ಉಳಿಯುತ್ತೇನೆ.

ಬಸ್ಸಿನಲ್ಲೂ ಹೋಗಬಹುದು. ನಮಾಂಗಾ ಗಡಿ, ಅರುಷಾ, ಮೋಷಿ ದಾಟಿ ಸುಮಾರು 900 ಕಿ.ಮೀ., ಹದಿನಾಲ್ಕು ಗಂಟೆಗೆ ಕಡಿಮೆಯಿಲ್ಲ. ಮೀಟಿಂಗ್ ಇಟ್ಟುಕೊಂಡು ಬೇಡ, ರಜೆಯಲ್ಲಿ ಹೋಗಿ.

ವಿಮಾನದಲ್ಲಿ ಹೋಗುವಾಗ ಬಲಗಡೆ ಕಿಟಕಿ ಸೀಟು ಕೇಳಿ, ಬರುವಾಗ ಎಡಗಡೆ. ಹೊರಟು ಅರ್ಧ ಗಂಟೆಯೊಳಗೆ 5,895 ಮೀಟರ್ ಎತ್ತರದ ಕಿಲಿಮಂಜಾರೋ ಮೋಡದ ಮೇಲೆ ತಲೆ ಎತ್ತಿರುತ್ತದೆ, ಅದರ ಕಿಬೋ ಶಿಖರದ ಹಿಮ, ಪಕ್ಕದಲ್ಲಿ ಮಾವೆನ್ಜಿ ಶಿಖರದ ಮೊನಚು ಬಂಡೆಗಳು ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಬೆಳಗಿನ ವಿಮಾನವಾದರೆ ಕಾಣುವ ಸಾಧ್ಯತೆ ಹೆಚ್ಚು.