ಫ್ಲೋರಿಡಾದ ಓರ್ಲ್ಯಾಂಡೋ ಥೀಮ್ ಪಾರ್ಕುಗಳಲ್ಲಿ ಸಿಗೋ ವಿಚಿತ್ರ ತಿಂಡಿ, ಡ್ರಿಂಕ್ಸ್ ಎಲ್ಲಾ ಒಂದೇ ದಿನದಲ್ಲಿ ಟ್ರೈ ಮಾಡಬಹುದಾ?

ನೀಲಿ ಹಾಲು, ಹಸಿರು ಹಾಲು, ಬೆವರ್ಲಿ ಅನ್ನೋ ಸೋಡಾ, ಐಸ್‌ಕ್ರೀಮ್ ಥರದ ಡೋಲ್ ವಿಪ್, ಹ್ಯಾರಿ ಪಾಟರ್ ಕಥೇಲಿ ಬರೋ ಬಟರ್‌ಬಿಯರ್. ನಿಮ್ಮ ಲಿಸ್ಟ್ ನೋಡಿ ನಗು ಬಂತು, ಯಾಕಂದ್ರೆ ಹೆಚ್ಚುಕಮ್ಮಿ ಇದೇ ಲಿಸ್ಟು ನನ್ನ ಫೋನಲ್ಲೂ ಇತ್ತು. ನಾನೂ ನಿಮ್ಮ ಹಾಗೇ, ಹಾಪರ್ ಟಿಕೆಟ್ಟಿಗೆ (ಒಂದೇ ದಿನ ಡಿಸ್ನಿಯ ಒಂದಕ್ಕಿಂತ ಹೆಚ್ಚು ಪಾರ್ಕಿಗೆ ಹೋಗೋಕೆ ಬಿಡೋದು) ದುಡ್ಡು ಸುರಿದಿದೀನಿ ಅಂದ್ಮೇಲೆ ಒಂದೇ ದಿನದಲ್ಲಿ ಎಷ್ಟಾಗತ್ತೋ ಅಷ್ಟು ಮುಗಿಸ್ಬಿಡೋಣ ಅಂತ ಹೊರಟೋನು.

ಜುಲೈ ತಿಂಗಳು. ಅಕ್ಕ, ಭಾವ, ಅವರ ಮಗ, ನಾನು. ಬೆಳಿಗ್ಗೆ ಡಿಸ್ನಿಯವರ ಹಾಲಿವುಡ್ ಸ್ಟುಡಿಯೋಸ್ ಪಾರ್ಕು. ಗೇಟ್ ತೆಗೆದಿದ್ದೇ ಜನ ಎಲ್ಲಾ ರೈಡ್ ಕಡೆ ಓಡಿದ್ರೆ ನಾನು ಸ್ಟಾರ್ ವಾರ್ಸ್ ಸಿನಿಮಾ ಥರ ಕಟ್ಟಿರೋ ಗ್ಯಾಲಕ್ಸೀಸ್ ಎಡ್ಜ್ ಒಳಗಿರೋ ಮಿಲ್ಕ್ ಸ್ಟ್ಯಾಂಡ್ ಹುಡುಕ್ತಾ ಇದ್ದೆ. ಹಾಲು ಅಂತ ಹೆಸರಷ್ಟೇ, ಹಸುವಿನ ಹಾಲು ಒಂದು ಹನಿ ಇಲ್ಲ ಅದ್ರಲ್ಲಿ, ತೆಂಗಿನ ಹಾಲು ಅಕ್ಕಿ ಹಾಲು ಸೇರಿಸಿ, ಹಣ್ಣಿನ ಫ್ಲೇವರ್ ಹಾಕಿ, ಅರ್ಧ ಗಡ್ಡೆ ಕಟ್ಟಿಸಿ ಕೊಡ್ತಾರೆ. ನೀಲಿದು ಡ್ರ್ಯಾಗನ್ ಫ್ರೂಟ್, ಅನಾನಸ್ ಥರ. ಹಸಿರುದ್ರಲ್ಲಿ ಕಿತ್ತಳೆ, ಪ್ಯಾಶನ್ ಫ್ರೂಟ್, ಜೊತೆಗೆ ಕಿತ್ತಳೆ ಹೂವಿನ ಘಮ, ಆ ಘಮ ಕೆಲವರಿಗೆ ಇಷ್ಟ ಆಗತ್ತೆ, ನನಗೆ ಸೋಪು ನೆನಪಾಯ್ತು. ಅಕ್ಕ ಒಂದು ಗುಟುಕು ಎಳೆದು ಮುಖ ಕಿವುಚಿ ವಾಪಸ್ ಕೊಟ್ಟಳು. ದುಡ್ಡು ಕೊಟ್ಟಾಗಿದೆಯಲ್ಲ ಅಂತ ಎರಡೂ ಲೋಟ ನಾನೇ ಖಾಲಿ ಮಾಡಿದೆ.

"ಸ್ವಲ್ಪ ನೀರು ಕುಡ್ಯೋ" ಅಂದ್ಲು.

"ಇದೂ ನೀರೇ ಅಲ್ವೇನೇ ಅಕ್ಕ" ಅಂದೆ.

ನಾನು ಎಡವಿದ್ದು ಇಲ್ಲೇ, ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೋರಾದ್ರೂ ಓದಿ. ನನ್ನ ತಲೇಲಿದ್ದ ಲೆಕ್ಕ ಏನಂದ್ರೆ ಲೋಟದಲ್ಲಿ ಇರೋದು ದ್ರವ, ಹೊಟ್ಟೆಗೆ ಹೋಗೋದೂ ದ್ರವ, ಬಿಸಿಲಿಗೆ ಇಷ್ಟು ಸಾಕು. ಆ ಲೆಕ್ಕವೇ ತಪ್ಪು. ತಣ್ಣಗಿರೋದು ಬಾಯಿಗೆ ತಾಗಿದ ತಕ್ಷಣ ಬಾಯಾರಿಕೆ ಹೋದ ಹಾಗೆ ಅನ್ಸತ್ತೆ, ಮೈಗೆ ಬೇಕಾದಷ್ಟು ನೀರು ಇನ್ನೂ ಸೇರಿರಲ್ಲ, ಆದ್ರೂ ಬಾಯಿ ಸುಮ್ಮನಾಗ್ಬಿಡತ್ತೆ. ಎರಡನೇದು ಸಕ್ಕರೆ. ಡೀಹೈಡ್ರೇಷನ್ ಆದಾಗ ಕೊಡೋ ಓಆರ್‌ಎಸ್ ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆ ಫಾರ್ಮುಲಾದಲ್ಲಿ 1 ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಮಾಮೂಲಿ ಕೋಕ್ ತಗೊಳ್ಳಿ, 355 ಎಂಎಲ್ ಕ್ಯಾನಲ್ಲಿ 39 ಗ್ರಾಂ ಸಕ್ಕರೆ, ಲೀಟರಿಗೆ ಹಾಕಿದ್ರೆ 110 ಗ್ರಾಂ ಹತ್ರ. ಅಷ್ಟು ಸಿಹಿ ಇರೋದು ಹೊಟ್ಟೆಯಿಂದ ಕೆಳಗಿಳಿಯೋದೇ ನಿಧಾನ, ಇಳಿದ್ಮೇಲೆ ಕರುಳಿಗೆ ತಾನೇ ನೀರು ಎಳ್ಕೊಳತ್ತೆ, ಅದಕ್ಕೇ ಹೊಟ್ಟೆ ಗುಡುಗುಡು ಅನ್ನೋದು. ಇನ್ನು ಈ ಹಾಲಿನ ಹಾಗೆ ಅರ್ಧ ಗಡ್ಡೆ ಕಟ್ಟಿದ ಸ್ಲಶ್ ಥರದ್ದಂತೂ ನಾಲಿಗೆಗೂ ಮೋಸ ಮಾಡತ್ತೆ, ತಣ್ಣಗಿದ್ದಷ್ಟೂ ಸಿಹಿ ಕಮ್ಮಿ ಗೊತ್ತಾಗೋದು. ಹಸಿರು ಹಾಲು ಅರ್ಧ ಕುಡಿದು ಲೋಟ ಬಿಸಿಲಲ್ಲಿ ಇಡಿ, ಕರಗಿದ್ಮೇಲೆ ತಳದಲ್ಲಿ ಉಳಿಯೋದನ್ನ ಒಂದು ಗುಟುಕು ಕುಡಿದು ನೋಡಿ, ಗಂಟಲು ಅಂಟ್ಕೊಳ್ಳೋ ಪಾಕ. ಇಷ್ಟು ಹೊತ್ತು ಅದನ್ನೇ ಕುಡೀತಿದ್ನಾ ಅನ್ಸತ್ತೆ. ಇದರ ಮೇಲೆ ಫ್ಲೋರಿಡಾ ಸೆಕೆ ಬೇರೆ, ಗಾಳೀಲೇ ತೇವ ತುಂಬಿರೋದ್ರಿಂದ ಬೆವರು ಆರಲ್ಲ, ಮೈ ತಣ್ಣಗಾಗಲ್ಲ, ಬೆವರು ಮಾತ್ರ ಸುರೀತಾನೇ ಇರತ್ತೆ. ಹೋಗ್ತಿದ್ದಿದ್ದು ನೀರು ಮತ್ತೆ ಉಪ್ಪು, ನಾನು ಒಳಗೆ ಹಾಕ್ತಿದ್ದಿದ್ದು ಬರೀ ಪಾಕ.

ಸರಿ, ಮಧ್ಯಾಹ್ನ ಅಲ್ಲಿಂದ ಡಿಸ್ನಿಯವರದ್ದೇ ಇನ್ನೊಂದು ಪಾರ್ಕು ಎಪ್ಕಾಟ್‌ಗೆ ಹೊರಟ್ವಿ. ಸ್ಕೈಲೈನರ್ ಅಂತ ರೋಪ್‌ವೇ ಇದೆ, ದೋಣಿ ಇದೆ, ಆದ್ರೂ ನಡ್ಕೊಂಡೇ ಹೋಗೋಣ ಅಂದೋನು ನಾನೇ. ಒಳಗೆ ಹೋದ್ರೆ ಕೆರೆ ಸುತ್ತ 11 ದೇಶಗಳ ಪೆವಿಲಿಯನ್ನು. ಜಪಾನಲ್ಲಿ ಕಾಕಿಗೋರಿ, ಅಂದ್ರೆ ಐಸ್ ತುರಿದು ಮೇಲೆ ಸಿರಪ್ ಹುಯ್ಯೋದು. ಅದೂ "ನೀರೇ". ನಾರ್ವೇಲಿ ಸ್ಕೂಲ್ ಬ್ರೆಡ್ ಅಂತ ಒಂದು ಬನ್ನು, ಏಲಕ್ಕಿ ಹಾಕಿದ ಹಿಟ್ಟು, ನಡುವೆ ಕಸ್ಟರ್ಡ್, ಅಂಚಿಗೆಲ್ಲ ಕೊಬ್ಬರಿ ತುರಿ. ಇಡೀ ದಿನದಲ್ಲಿ ನಿಜವಾಗ್ಲೂ ಚೆನ್ನಾಗಿದ್ದಿದ್ದು ಇದೊಂದೇ, ಅದನ್ನೂ ಹೊಟ್ಟೇಲಿ ಜಾಗ ಇಲ್ಲದೆ ಅರ್ಧ ಭಾವನಿಗೆ ಕೊಟ್ಟೆ.

ಆಮೇಲೆ ಕ್ಲಬ್ ಕೂಲ್. ಕೋಕಾ ಕೋಲಾದವರದ್ದು, ಬೇರೆ ಬೇರೆ ದೇಶದ ಸೋಡಾಗಳನ್ನ ಪುಟ್ಟ ಪುಟ್ಟ ಲೋಟದಲ್ಲಿ ಫ್ರೀಯಾಗಿ ಕುಡೀಬಹುದು. ಫ್ರೀ ಅಂದ್ರೆ ಗೊತ್ತಲ್ಲ, ಒಂದೊಂದು ನಲ್ಲಿಗೂ ಮತ್ತೆ ಮತ್ತೆ ಹೋದೆ. ಒಳಗೆ ಎಸಿ ಇತ್ತು, ಏನೂ ಗೊತ್ತಾಗ್ಲಿಲ್ಲ. ಹೊರಗೆ ಕಾಲಿಟ್ಟಿದ್ದೇ ತಲೆ ಸಿಡಿಯೋಕೆ ಶುರು, ಮೀನಖಂಡ ಹಿಡ್ಕೊಳ್ತು, ವಾಂತಿ ಬರೋ ಹಾಗೆ. ಭಾವ ಕೈ ಹಿಡ್ಕೊಂಡು ಫಸ್ಟ್ ಏಡ್‌ಗೆ ಕರ್ಕೊಂಡು ಹೋದ್ರು. ಅಲ್ಲಿ ನರ್ಸ್ ಇರ್ತಾರೆ, ತುಂಬಾ ಚೆನ್ನಾಗಿ ನೋಡ್ಕೊಂಡ್ರು, ಅವರು ಮೊದಲು ಕೇಳಿದ್ದೇ ಇವತ್ತು ಏನೇನು ಕುಡಿದಿದೀರಿ ಅಂತ. ನಾನು ಲಿಸ್ಟ್ ಒಪ್ಪಿಸಿದೆ. ಅದ್ರಲ್ಲಿ ನೀರು ಎಷ್ಟು ಅಂದ್ರು. ಅಕ್ಕ ನನ್ನ ಮುಖಾನೇ ನೋಡ್ತಾ ನಿಂತಿದ್ಲು. ರಾತ್ರಿ ಕೆರೆ ಮೇಲೆ ನಡೆಯೋ ಪಟಾಕಿ ಶೋಗೋಸ್ಕರ ಅಳಿಯ ಬೆಳಿಗ್ಗೆಯಿಂದ ಕಾಯ್ತಿದ್ದ, ಅದನ್ನ ಬಿಟ್ಟು ಎಲ್ಲರೂ ನನ್ನಿಂದಾಗಿ ರೂಮಿಗೆ ವಾಪಸ್. ಬುಕ್ ಮಾಡಿದ್ದ ಊಟಾನೂ ಹೋಯ್ತು. ಆ ಹುಡುಗ ಈಗ್ಲೂ ಹಂಗಿಸ್ತಾನೆ.

ಈಗ ನಿಮ್ಮ ಪ್ರಶ್ನೆಗೆ. ಒಂದೇ ದಿನದಲ್ಲಿ ಎಲ್ಲಾ ಆಗಲ್ಲ, ಮಾಡಲೂ ಬೇಡಿ. ಬಟರ್‌ಬಿಯರ್ ಇರೋದು ಯೂನಿವರ್ಸಲಲ್ಲಿ, ಅದು ಬೇರೆ ಕಂಪನಿ, ಬೇರೆ ಟಿಕೆಟ್ಟು, ನಿಮ್ಮ ಹಾಪರ್ ಅಲ್ಲಿ ನಡೆಯಲ್ಲ. ಡೋಲ್ ವಿಪ್‌ಗೆ ಹೆಸರಾದ ಅಂಗಡಿ ಡಿಸ್ನಿಯ ಮತ್ತೊಂದು ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ನ ಅಲೋಹಾ ಐಲ್, ಅದೊಂದಕ್ಕೋಸ್ಕರ ಪಾರ್ಕ್ ಬದಲಾಯಿಸೋದು ಹುಚ್ಚುತನ. ಮ್ಯಾಜಿಕ್ ಕಿಂಗ್‌ಡಮ್ ದಿನ ಹೇಗಿದ್ರೂ ಇರತ್ತಲ್ಲ, ಅವತ್ತು ತಿನ್ನಿ. ಅನಾನಸ್ ಸಾಫ್ಟ್ ಸರ್ವ್, ಹಾಲಿಲ್ಲದ್ದು, ಹುಳಿ ಇರೋದ್ರಿಂದ ಬಿಸಿಲಿಗೆ ಹಿತ.

ಇನ್ನೊಂದು, ನಿಮ್ಮ ಲಿಸ್ಟು ಬಣ್ಣ ನೋಡಿ ಮಾಡಿದ್ದು (ನಂದೂ ಅಷ್ಟೇ ಆಗಿತ್ತು ಬಿಡಿ). ಫೋಟೋದಲ್ಲಿ ವಿಚಿತ್ರ ಕಾಣೋದ್ರಲ್ಲಿ ಮುಕ್ಕಾಲು ಪಾಲು ಬಾಯಲ್ಲಿ ಒಂದೇ ಥರ, ಸಿಹಿ ಮತ್ತೆ ತಣ್ಣಗೆ. ನಾಲಿಗೆಗೆ ಹೊಸದು ಬೇಕು ಅಂದ್ರೆ ಕ್ಲಬ್ ಕೂಲಲ್ಲಿ ಬೆವರ್ಲಿ ಕುಡೀರಿ. ಇಟಲಿಯವರು ಊಟಕ್ಕೆ ಮುಂಚೆ ಹಸಿವಾಗ್ಲಿ ಅಂತ ಕುಡೀತಿದ್ದ ಥರದ್ದು, ಆಲ್ಕೋಹಾಲ್ ಇಲ್ಲ, ನೋಡೋಕೆ ನೀರಿನ ಹಾಗೆ. ಮೊದಲು ಒಂದು ಕ್ಷಣ ಸಿಹಿ, ನುಂಗಿದ್ಮೇಲೆ ಕಿತ್ತಳೆ ಸಿಪ್ಪೆ ಒಳಗಿನ ಬಿಳಿ ಪೊರೆ ಜಗಿದ ಹಾಗೆ ಕಹಿ, ಅದು ಹೋಗೋದೇ ಇಲ್ಲ. ಎಲ್ಲರೂ ಬೈತಾರೆ, ನನಗೆ ಇಷ್ಟ ಆಯ್ತು. ಆ ಊರಲ್ಲಿ ನಿಮ್ಮನ್ನ ಖುಷಿ ಪಡಿಸೋಕೆ ಒದ್ದಾಡದೇ ಇರೋ ಡ್ರಿಂಕು ಅದೊಂದೇ ಇರ್ಬೇಕು. ಸ್ಕೂಲ್ ಬ್ರೆಡ್ ಬಿಡ್ಬೇಡಿ. ಬಟರ್‌ಬಿಯರ್ ಕುಡಿಯೋದಾದ್ರೆ ಎಲ್ಲರ ಹಾಗೆ ಫ್ರೋಝನ್ ತಗೋಬೇಡಿ, ಬಿಸಿದೂ ಸಿಗತ್ತೆ, ಸಂಜೆ ಮಳೆ ಹನಿದ್ಮೇಲೆ ಅದು ಮಜಾ.

ಟರ್ಕಿ ಲೆಗ್, ಅಂದ್ರೆ ಟರ್ಕಿ ಕೋಳಿಯ ಕಾಲು, ಅದರ ಬಗ್ಗೆನೂ ಕೇಳಿದ್ರಿ. ನಾನು ತಿನ್ನಲ್ಲ, ಭಾವ ತಿಂದ್ರು. ಉಪ್ಪು ನೀರಲ್ಲಿ ನೆನೆಸಿ ಹೊಗೆ ಕೊಟ್ಟಿರ್ತಾರಂತೆ, ಅದಕ್ಕೇ ಒಳಗೆ ಗುಲಾಬಿ ಬಣ್ಣ, ರುಚೀನೂ ಹ್ಯಾಮ್ ಥರ, ಹಸಿ ಇದೆಯೇನೋ ಅಂತ ಗಾಬರಿ ಬೀಳ್ಬೇಡಿ. ಒಬ್ಬರ ಕೈಲಿ ಮುಗಿಯಲ್ಲ, ಇಬ್ಬರಿಗೆ ಒಂದು ಸಾಕು.

ಯಾವ ಡ್ರಿಂಕ್ ಆದ್ರೂ ಇಡೀ ಗುಂಪಿಗೆ ಒಂದೇ ಲೋಟ ತಗೊಳ್ಳಿ, ಎಲ್ಲರೂ ಎರಡೆರಡು ಗುಟುಕು ಕುಡಿದು ಮಿಕ್ಕಿದ್ದನ್ನ ಚೆಲ್ಲಿ. ದುಡ್ಡು ಕೊಟ್ಟಿದೀನಿ ಅಂತ ಹೊಟ್ಟೆಗೆ ಹಾಕ್ಕೊಂಡ್ರೆ ದುಡ್ಡೇನು ವಾಪಸ್ ಬರಲ್ಲ. ಡಿಸ್ನಿ ಪಾರ್ಕುಗಳೊಳಗೆ ನಿಮ್ಮ ನೀರಿನ ಬಾಟಲಿ ಬಿಡ್ತಾರೆ, ಗಾಜಿಂದು ಮಾತ್ರ ಬೇಡ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅಲ್ಲಿನ ಕ್ವಿಕ್ ಸರ್ವಿಸ್ ಕೌಂಟರಲ್ಲಿ ಐಸ್ ವಾಟರ್ ಅಂತ ಕೇಳಿದ್ರೆ ಫ್ರೀಯಾಗಿ ಕೊಡ್ತಾರೆ, ಬೇರೇನೂ ಕೊಳ್ಳಬೇಕಾಗಿಲ್ಲ, ಸಂಕೋಚ ಬೇಡ. ಜುಲೈ ಆಗಸ್ಟಲ್ಲಿ ಹೋಗೋದಾದ್ರೆ ಪ್ರತಿ ಸಲ ಒಂದು ಬಣ್ಣದ ಡ್ರಿಂಕ್ ಕುಡಿದ ಮೇಲೆ ಇದನ್ನ ಒಂದು ಲೋಟ ಮುಗಿಸಿಯೇ ಮುಂದಿನ ಲೈನಿಗೆ ನಿಲ್ಲಿ, ಜೊತೆಗೆ ಉಪ್ಪಿರೋದು ಏನಾದ್ರೂ ತಿನ್ನಿ, ಪ್ರೆಟ್ಜೆಲ್ಲೋ ಪಾಪ್‌ಕಾರ್ನೋ.